ಕಲಾಯಿಗೆ ಬಂದ ಪಾತೇಲಿ

ಕಲಾಯಿಗೆ ಹಾಕುವ ನವಸಾಗರದ ಹೊಗೆ ಎದ್ದರೆ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ದೂರ ಸರಿಯುತ್ತಾರೆ. ನಾನು ಹೊಗೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗುತ್ತೇನೆ. ಹೋದ ವಾರ ಹರಪನಹಳ್ಳಿಯಲ್ಲಿ ಗಂಡನ ಕಡೆಯವರ ಮದುವೆ ಇತ್ತು. ಊಟಕ್ಕೆ ಕೂಡಿಸಲು ಇನ್ನೂ ಹೊತ್ತಿತ್ತು. ಶಾದಿಮಹಲಿನ ಹಿತ್ತಿಲಿನಿಂದ ಆ ವಾಸನೆ ಬಂತು, ಗಂಟಲಿನಲ್ಲಿ ಉಪ್ಪು ಕೂತಂಥ ಘಾಟು. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹೋದೆ. ಒಬ್ಬ ಕಲಾಯಿಯವನು ಪುಟ್ಟ ಕುಣಿಯಲ್ಲಿ ಇದ್ದಿಲು ಹೊತ್ತಿಸಿಕೊಂಡು, ಬಿರಿಯಾನಿ ದೇಗಿನ ಒಳಮೈ ಒರೆಸುತ್ತಿದ್ದ. ದೂರ ನಿಲ್ಲಿ ಎನ್ನಲು ಕೈ ಎತ್ತಿದವನು ನನ್ನ ಮುಖ ನೋಡಿ ಕೈ ಇಳಿಸಿದ.

"ನೀವು ಕೂಡ್ಲಿಗಿ ಕಲಾಯಿ ಅಕ್ಕಾರಲ್ವೇನ್ರಿ?" ಅಂದ.

ಹೌದು ಅಂದೆ. ಸುಳ್ಳು ಯಾಕೆ, ಎದೆ ಒಂದಿಷ್ಟು ಉಬ್ಬಿತು. ಅವನ ಪಕ್ಕದಲ್ಲೇ ಒಂದು ಡಬ್ಬಿ ಬೋರಲು ಹಾಕಿಕೊಂಡು ಕೂತೆ. ಊಟಕ್ಕೆ ಕರೆಯುವವರೆಗೂ ಏಳಲಿಲ್ಲ. ಆ ಹೊಗೆಯಲ್ಲಿ ಕೂತಷ್ಟು ಹೊತ್ತೂ ಕಲಾಯಿಯ ನನ್ನ ಮೊದಲ ಬೇಸಿಗೆ ಕಣ್ಣ ಮುಂದೆ ಬಂತು. ಇದ್ದ ನೌಕರಿಯನ್ನೂ ಬಿಡದೆ, ನನ್ನದು ಅನ್ನುವ ಕೆಲಸವೊಂದನ್ನೂ ಕೈಗೆ ಹಿಡಿದ ಬೇಸಿಗೆ ಅದು.

ಆಗ ನಾನು ಕೊಟ್ಟೂರಿನ ಬಜಾರದಲ್ಲಿ ಕೊಟ್ರಪ್ಪಣ್ಣನವರ ಪಾತ್ರೆ ಅಂಗಡಿಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ, ಆ ಮಾತು ಆಮೇಲೆ. ದಿನಾ ಬೆಳಿಗ್ಗೆ ಕೂಡ್ಲಿಗಿಯಿಂದ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಮಾರುವುದರಲ್ಲಿ ನನ್ನನ್ನು ಮೀರಿಸಿದವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಯಾವ ಡಬ್ಬಿ ಇಳಿಸಬೇಕು, ಯಾವುದನ್ನು ಕೇಳಿದರೂ ಇಳಿಸಬಾರದು ಎಂದು ನನಗೆ ತಿಳಿಯುತ್ತಿತ್ತು. ಕೊಟ್ರಪ್ಪಣ್ಣ ಗಲ್ಲಾದ ಮೇಲೆ ಕೂತು ಬೀಗರಿಗೆಲ್ಲ ಇದನ್ನೇ ಹೇಳುತ್ತಿದ್ದರು, ನನ್ನ ಮುಂದೆ ಮಾತ್ರ ಒಂದು ದಿನವೂ ಹೇಳಲಿಲ್ಲ.

ಅಂಗಡಿಯ ಅರ್ಧ ವ್ಯಾಪಾರ ಹಳೇ ಹಿತ್ತಾಳೆಯದು. ಗಿರಾಕಿಗಳು ಮನೆಯ ಅಟ್ಟದ ಮೇಲಿನ ಹಿತ್ತಾಳೆ, ತಾಮ್ರ ತಂದು ತೂಕಕ್ಕೆ ಹಾಕಿ, ಅದರ ಬದಲು ಹೊಳೆಯುವ ಸ್ಟೀಲು ಒಯ್ಯುತ್ತಾರೆ. ತೂಗಿದ ಪಾತ್ರೆಯನ್ನು ನಮ್ಮ ಅಂಗಡಿಯವರು ಹಿತ್ತಿಲಿಗೆ ಒಯ್ದು ಸುತ್ತಿಗೆಯಿಂದ ಚಪ್ಪಟೆ ಮಾಡಿ ಚೀಲಕ್ಕೆ ತುಂಬುತ್ತಾರೆ. ಕೊಟ್ರಪ್ಪಣ್ಣನವರದು ಒಂದು ನೇಮ ಇತ್ತು. ಪಾತ್ರೆ ತಂದವರು ಅಂಗಡಿಯಲ್ಲಿರುವಾಗ ಸುತ್ತಿಗೆ ಏಳಬಾರದು. ಅವರಿಗೆ ಚಹಾ ಕುಡಿಸಿ, ಅವರು ಬಸ್ಸು ಹತ್ತುವಷ್ಟು ಹೊತ್ತು ಕಾದು, ಆಮೇಲೆ ಸುತ್ತಿಗೆ ಎತ್ತಿಸುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಆ ಸದ್ದು ಕೇಳಿದಾಗೆಲ್ಲ ನಾನು ಬೀದಿ ಕಡೆಯ ಮೆಟ್ಟಿಲಿಗೆ ಹೋಗಿ ನಿಲ್ಲುತ್ತಿದ್ದೆ, ಯಾಕೆಂದರೆ ನಾನು ಕಲಾಯಿಯವನ ಮಗಳು.

ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಹಾಕಿ ಬೇಯಿಸಿದರೆ ಅಡುಗೆ ಕಿಲುಬುತ್ತದೆ. ಅದಕ್ಕೇ ಒಳಮೈಗೆ ತವರದ ತೆಳು ಲೇಪ ಕೊಡುತ್ತಾರೆ, ಅದೇ ಕಲಾಯಿ. ನಮ್ಮ ಅಬ್ಬಾ ಕೂಡ್ಲಿಗಿಯಿಂದ ಹೊಸಹಳ್ಳಿಯವರೆಗೆ ಊರೂರು ತಿರುಗಿ ಬೇವಿನ ಮರದ ಕೆಳಗೆ ಕುಣಿ ತೋಡಿ ಈ ಕೆಲಸ ಮಾಡಿದವರು. ಚಿಕ್ಕವಳಿದ್ದಾಗ ರಜೆಯಲ್ಲಿ ಅವರ ಜೊತೆ ಹೋಗಿ ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದವಳು ನಾನು. ಮನೆಯಲ್ಲಿ ನಮ್ಮ ಮಾತು ಉರ್ದು, ಆದರೆ ಕೆಲಸದ ಸುದ್ದಿ ಬಂದರೆ ಅಬ್ಬಾ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಿದ್ದರು. ಆಮೇಲೆ ಸ್ಟೀಲು ಬಂತು, ಕರೆಯುವವರು ಕಡಿಮೆಯಾದರು, ಅವರಿಗೂ ದಮ್ಮು ಹತ್ತಿಕೊಂಡಿತು. ತಿದಿ ಅಟ್ಟ ಸೇರಿತು.

ಒಂದು ರೂಢಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಕಲಾಯಿಗೆ ಕೊಡುವ ಪಾತ್ರೆಯನ್ನು ಬರಿದು ಕೊಡುವುದಿಲ್ಲ. ತಳದಲ್ಲಿ ಒಂದು ಹಿಡಿ ಜೋಳ ಹಾಕಿ ಕೊಡುತ್ತಾರೆ. ಈ ಪಾತ್ರೆ ಅಡುಗೆಮನೆಗೆ ತಿರುಗಿ ಬರುವಂಥದ್ದು ಎಂದು ಅದರ ಅರ್ಥ. ಜೋಳ ಕಲಾಯಿಯವನಿಗೆ. ಅವನು ಪಾತ್ರೆ ವಾಪಸ್ಸು ಕೊಡುವಾಗ ಒಳಗೊಂದು ಚೂರು ಬೆಲ್ಲ ಇಟ್ಟು ಕೊಡಬೇಕು. ತೂಕಕ್ಕೆ ತರುವ ಪಾತ್ರೆ ಮಾತ್ರ ಬರಿದಾಗಿ, ಬೋರಲಾಗಿ ಬರುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ, ಮನೆಯ ಹಿರಿಯರು ಮಾಡುವುದನ್ನು ನೋಡಿ ಬರುತ್ತದೆ ಅಷ್ಟೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಕೂಡ್ಲಿಗಿಯಲ್ಲಿ ಮದುವೆ ಬಿರಿಯಾನಿ ಮಾಡುವ ಖಾಜಾ ಮಾವ ಸೌಟು ಕೊಳ್ಳಲು ಅಂಗಡಿಗೆ ಬಂದರು. ಬಂದವರೇ ಗೋಳು ಶುರು ಮಾಡಿದರು. ತಾಮ್ರದ ದೇಗುಗಳ ಕಲಾಯಿ ಹೋಗಿದೆ, ಹೊಸಪೇಟೆಗೆ ಕಳಿಸಿದರೆ ಮದುವೆ ಮುಗಿದ ಮೇಲೆ ಬರುತ್ತವೆ, ನಿಮ್ಮ ಅಬ್ಬಾ ಕೈಬಿಟ್ಟ ಮೇಲೆ ನಮ್ಮಂಥವರ ಗತಿ ಕೇಳುವವರೇ ಇಲ್ಲ ಎಂದರು. ನಾನು ಸೌಟನ್ನು ಕಾಗದದಲ್ಲಿ ಸುತ್ತುತ್ತಾ, ಹದಿನೈದು ದಿನ ಬಿಟ್ಟು ಭಾನುವಾರ ಮನೆಗೆ ಕಳಿಸಿ, ಮಾಡಿಕೊಡುತ್ತೇವೆ ಅಂದೆ. ಯಾರು ಮಾಡುತ್ತಾರೆ ಅಂತ ಅವರು ಎರಡು ಸಲ ಕೇಳಿದರು. ಮಾಡುತ್ತೇವೆ ಎಂದೆನಲ್ಲ ಅಂತ ನಾನೂ ಎರಡು ಸಲ ಅಂದೆ. ಅಬ್ಬಾನನ್ನು ಕೇಳಿರಲಿಲ್ಲ. ಮೊದಲು ಒಪ್ಪಿಕೊಂಡು ಆಮೇಲೆ ದಾರಿ ಹುಡುಕುವುದು ನನ್ನ ಸ್ವಭಾವ, ಅದರಿಂದ ನನಗೆ ಲಾಭವೇ ಜಾಸ್ತಿ ಆಗಿದೆ.

ಸಂಜೆ ಊಟದ ಹೊತ್ತಿಗೆ ಅಬ್ಬಾನಿಗೆ ಹೇಳಿದೆ. ಅವರು ರೊಟ್ಟಿ ಮುಗಿಸಿದರು. ಕೈ ತೊಳೆದು ಬಂದು ಕನ್ನಡದಲ್ಲಿ ಶುರು ಮಾಡಿದರು. ಕನ್ನಡ ಬಂತು ಅಂದರೆ ಅರ್ಧ ಒಪ್ಪಿದ ಹಾಗೆ.

"ನಾ ಬೆಂಕಿ ಮುಂದ ಕೂಡಾಕ ಆಗಂಗಿಲ್ಲ. ನೀ ಕೂಡ್ತಿಯೇನು?"

"ಕೂಡ್ತೀನಿ."

"ಹೆಣಮಗಳು ಕಲಾಯಿ ಮಾಡ್ತಾಳಂದ್ರ ಮಂದಿ ಏನಂತಾರ?"

"ಮಂದಿ ಪಾತ್ರಿ ತರ್ತಾರ."

ಅಬ್ಬಾ ನಗುತ್ತಾ ಕೆಮ್ಮಿದರು. ಮರುದಿನವೇ ಅಟ್ಟದಿಂದ ತಿದಿ ಇಳಿಯಿತು. ಅದರ ಚರ್ಮವನ್ನು ಇಲಿ ತಿಂದು ಹಾಕಿತ್ತು. ನನ್ನ ಗಂಡ ದಾದಾಪೀರ್ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಅವನು ಫೋನಿನಲ್ಲೇ ನಕ್ಕು, ಇನ್ನು ಮೇಲೆ ಮನೆಗೆ ಬಂದರೆ ನನಗೂ ಕಲಾಯಿ ಬೀಳುತ್ತದೆ ಅಂದ. ಆದರೆ ಬರುವಾಗ ಕೈಯಿಂದ ತಿರುಗಿಸುವ ಗಾಳಿಯಂತ್ರ ಒಂದನ್ನು ತಂದ. ದಾವಣಗೆರೆಯಿಂದ ತವರದ ಕಡ್ಡಿಯನ್ನೂ ತಂದ.

ಆ ಕಡ್ಡಿಯನ್ನು ಅಬ್ಬಾ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರು. ಅಪ್ಪಟ ತವರ ಬಗ್ಗುವಾಗ ಒಳಗಿನಿಂದ ಕರಕರ ಸದ್ದು ಬರುತ್ತದೆ. ಸೀಸ ಬೆರೆಸಿದ್ದಾದರೆ ತುಟಿಪಿಟಿಕ್ ಅನ್ನುವುದಿಲ್ಲ. ಸೀಸ ಅಗ್ಗ, ಅದು ಹೊಟ್ಟೆಗೆ ಹೋದರೆ ವಿಷ. ಅಬ್ಬಾನಿಗೆ ಕಿವಿ ಮಂದವಾಗಿತ್ತು. ಎರಡು ಸಲ ಬಗ್ಗಿಸಿ ನೋಡಿ, ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು.

"ನೀ ಕೇಳು. ಇನ್ನ ಮ್ಯಾಲೆ ನಿನ್ನ ಕಿವೀನ ಕೆಲಸ ಮಾಡಬೇಕು" ಎಂದರು.

ನನಗೂ ಏನೂ ಕೇಳಿಸಲಿಲ್ಲ. ದಾದಾಪೀರ್ ಬೈದುಕೊಂಡೇ ಅದನ್ನು ವಾಪಸ್ಸು ಒಯ್ದ. ಮುಂದಿನ ಸಲ ತಂದದ್ದು ಬಗ್ಗಿಸಿದ ಕೂಡಲೇ ಕರಕರ ಎಂದಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಣ್ಣ ಸದ್ದು ಅದು, ಆದರೆ ಅಷ್ಟು ಖುಷಿ ನನಗೆ ಮದುವೆಯ ವಾಲಗದಲ್ಲೂ ಆಗಿರಲಿಲ್ಲ.

ಮೊದಲು ನಮ್ಮ ಮನೆಯ ಪಾತ್ರೆಯ ಮೇಲೇ ಕೈ ಪಳಗಿಸಿದೆ. ಕಾವು ಹೆಚ್ಚಾಗಿ ತವರ ಹಳದಿ ತಿರುಗಿತು. ಇನ್ನೊಂದು ಸಲ ಕಾವು ಸಾಲದೆ ಗಂಟುಗಂಟಾಗಿ ನಿಂತಿತು. ಅಬ್ಬಾ ಕಟ್ಟೆಯ ಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತು, ಬಿಸಿ ಪಾತ್ರೆಗೆ ಹತ್ತಿ ಮುಟ್ಟಿಸಿ ನೋಡು, ಅದು ಕಂದಬೇಕು, ಹೊತ್ತಬಾರದು ಎನ್ನುತ್ತಿದ್ದರು. ಹತ್ತಿ ಕಂದುವುದಕ್ಕೂ ಹೊತ್ತುವುದಕ್ಕೂ ನಡುವೆ ಇರುವುದು ಒಂದು ಉಸಿರಿನ ಹೊತ್ತು. ಆ ಹೊತ್ತಿನಲ್ಲಿ ನವಸಾಗರ ಉದುರಿಸಬೇಕು, ತವರದ ಕಡ್ಡಿ ಮುಟ್ಟಿಸಬೇಕು, ಹತ್ತಿಯಿಂದ ಒಂದೇ ಸಮ ಒರೆಸಬೇಕು. ಬಿಳಿ ಹೊಗೆ ಎದ್ದು ಕಣ್ಣು ಕಾಣುವುದಿಲ್ಲ. ಹೊಗೆ ಸರಿದಾಗ ಕೆಂಪಗಿದ್ದ ಪಾತ್ರೆ ಬೆಳ್ಳಗಾಗಿರುತ್ತದೆ. ಮೊದಲ ಸಲ ಸರಿಯಾಗಿ ಬಂದಾಗ ನಾನು ಓಣಿಗೇ ಕೇಳುವ ಹಾಗೆ ಅಬ್ಬಾ ಅಂತ ಕೂಗಿದ್ದೆ, ಅವರು ನನ್ನ ಎದುರಿಗೇ ಕೂತಿದ್ದರು.

ಖಾಜಾ ಮಾವನ ದೇಗುಗಳು ಬಂದ ಭಾನುವಾರ ಓಣಿಯ ಜನವೆಲ್ಲ ನಮ್ಮ ಹಿತ್ತಿಲಲ್ಲಿ. ಕೆಲವರು ನೋಡಲು ಬಂದವರು, ಕೆಲವರು ಆಡಿಕೊಳ್ಳಲು ಬಂದವರು. ಸೀರೆಯ ಮೇಲೆ ದಾದಾಪೀರನ ಹಳೇ ಅಂಗಿ ಹಾಕಿಕೊಂಡು, ತಲೆಗೆ ವಸ್ತ್ರ ಕಟ್ಟಿಕೊಂಡು ಕೂತೆ. ಮಧ್ಯಾಹ್ನದ ಬಿಸಿಲು ಮೇಲೆ, ಬೆಂಕಿ ಮುಂದೆ. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸಂಜೆ ಖಾಜಾ ಮಾವ ಬಂದು ದೇಗಿನೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದರು. ಏನು ಕಂಡಿತು ಮಾವ ಅಂದರೆ, ನನ್ನ ಮುಖ, ಅಂದರು. ಒಳಗಿಟ್ಟಿದ್ದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡು ಹೋದರು. ಅಬ್ಬಾ ಅವತ್ತು ಬೇಗ ಮಲಗಲಿಲ್ಲ, ತಮ್ಮ ಕಾಲದ ಊರುಗಳ ಹೆಸರು ಹೇಳುತ್ತಲೇ ಇದ್ದರು.

ಕೊಟ್ರಪ್ಪಣ್ಣನವರಿಗೆ ಇದನ್ನೆಲ್ಲ ನಾನು ಬಚ್ಚಿಡಲಿಲ್ಲ. ರಜೆಯ ದಿನ ನನ್ನದೊಂದು ಕೆಲಸ ಶುರು ಮಾಡಿದ್ದೇನೆ ಎಂದು ಸೋಮವಾರವೇ ಹೇಳಿದೆ. ಅವರು ನಕ್ಕು, ಬಿರಿಯಾನಿ ದೇಗು ತಾನೇ, ಮಾಡಿಕೋ ಅಂದರು. ಅವರು ದೇಗು ಮಾರುತ್ತಿರಲಿಲ್ಲ. ಆದರೆ ಸುದ್ದಿ ಬರೀ ದೇಗಿನಲ್ಲಿ ನಿಲ್ಲಲಿಲ್ಲ. ಯುಗಾದಿ ಹೊತ್ತಿಗೆ ಹೊಸಹಳ್ಳಿ ಕಡೆಯಿಂದ ಪಾತ್ರೆ ಬರತೊಡಗಿದವು. ಹೂವಿನಹಡಗಲಿಯಿಂದ ಮಲ್ಲಿಗೆ ತರುವ ಹೆಣ್ಣುಮಗಳೊಬ್ಬಳು ಹೂವಿನ ಬುಟ್ಟಿಯ ಮೇಲೆ ತನ್ನ ಅತ್ತೆಯ ತಂಬಿಗೆಗಳನ್ನು ಇಟ್ಟುಕೊಂಡು ಬಂದಳು. ಫೋನಿನಲ್ಲಿ ಹಿತ್ತಾಳೆ ಅಡುಗೆಯ ವಿಡಿಯೋ ನೋಡಿ ಅಟ್ಟ ಹತ್ತಿದ ಸೊಸೆಯಂದಿರೂ ಇದ್ದರು. ಎಲ್ಲ ಪಾತ್ರೆಗಳ ತಳದಲ್ಲೂ ಒಂದು ಹಿಡಿ ಜೋಳ. ಕೆಲವು ಹುಡುಗಿಯರಿಗೆ ರೂಢಿ ಗೊತ್ತಿರಲಿಲ್ಲ, ಅತ್ತೆ ಹಾಕಿದಳು, ಯಾಕೋ ಗೊತ್ತಿಲ್ಲ ಎನ್ನುತ್ತಿದ್ದರು. ಆ ಜೋಳದಲ್ಲೇ ವಾರದಲ್ಲಿ ಎರಡು ಹೊತ್ತು ನಮ್ಮ ರೊಟ್ಟಿ ಆಗುತ್ತಿತ್ತು.

ವಾರವೆಲ್ಲ ಅಂಗಡಿಯಲ್ಲಿ ಸ್ಟೀಲು ಮಾರಿ, ಭಾನುವಾರ ಹಿತ್ತಾಳೆಗೆ ಜೀವ ಕೊಡುವುದು. ದಣಿವಾಗುತ್ತಿರಲಿಲ್ಲವೇ ಎಂದು ಕೇಳುತ್ತಾರೆ. ಆಗುತ್ತಿತ್ತು. ಸೋಮವಾರ ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ, ಎಷ್ಟೋ ಸಲ ಕೊಟ್ಟೂರು ಬಂದದ್ದು ಕಂಡಕ್ಟರ್ ಎಬ್ಬಿಸಿದ ಮೇಲೆಯೇ ಗೊತ್ತಾಗಿದ್ದು. ಆದರೆ ಬೇರೆಯವರ ಕೆಲಸದಲ್ಲಿ ದಣಿದಾಗ ಮೈ ನೋಯುತ್ತದೆ, ಸಿಟ್ಟೂ ಬರುತ್ತದೆ. ನನ್ನ ಕೆಲಸದಲ್ಲಿ ದಣಿದಾಗ ಬರೀ ಮೈ ನೋಯುತ್ತಿತ್ತು.

ಜಗಳ ಬಂದದ್ದು ಯುಗಾದಿಯಾದ ಮೇಲೆ, ಮದುವೆ ಸುಗ್ಗಿಯಲ್ಲಿ. ಉಜ್ಜಿನಿ ದಾರಿಯ ಒಂದು ಹಳ್ಳಿಯಿಂದ ಅತ್ತೆ ಸೊಸೆ ಬಂದರು. ಮನೆಯಲ್ಲಿ ಮದುವೆ, ಸ್ಟೀಲಿನ ಸೆಟ್ಟು ಬೇಕು. ಬದಲಿಗೆ ಒಂದು ಭಾರೀ ಹಿತ್ತಾಳೆ ಬೋಗುಣಿ ತಂದಿದ್ದರು. ಸೊಸೆಯೇ ಮಾತಾಡುತ್ತಿದ್ದಳು, ಅತ್ತೆ ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತಿದ್ದಳು. ಗಿರಾಕಿ ತುಂಬಿದ್ದ ಹೊತ್ತು, ಕೊಟ್ರಪ್ಪಣ್ಣ ತಾವೇ ಎದ್ದು ಬಂದು ತಕ್ಕಡಿ ಸರಿ ಮಾಡಿದರು. ನಾನು ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟು ಅದರ ಮೇಲಿನ ಬಟ್ಟೆ ಬಿಚ್ಚಿದೆ. ತಳದಲ್ಲಿ ಒಂದು ಹಿಡಿ ಜೋಳ ಇತ್ತು.

ಸೊಸೆ ಅದನ್ನು ನೋಡಿ, ಅಯ್ಯ ಇದ್ಯಾಕೆ ಬಂತು ಎಂದು ಕೊಡವಲು ಹೋದಳು. ಅತ್ತೆ ಮುಖ ತಗ್ಗಿಸಿದಳು. ಮಗ ಸೊಸೆ ಹೇಳಿದರೆಂದು ತೂಕಕ್ಕೆ ತಂದಿದ್ದಾಳೆ, ಕೈ ಮಾತ್ರ ತನ್ನ ರೂಢಿಯನ್ನು ಬಿಟ್ಟಿಲ್ಲ. ಈ ಬೋಗುಣಿ ತಿರುಗಿ ಮನೆಗೆ ಬರಲಿ ಅಂತ ಅವಳ ಮನಸ್ಸಿನಲ್ಲಿತ್ತು. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಯವ್ವಾ, ಇದು ತೂಕಕ್ಕ ಬಂದಿದ್ದೋ, ಕಲಾಯಿಗೆ ಬಂದಿದ್ದೋ?" ಅಂದೆ.

ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸಿತು. ಮುದುಕಿ ತಲೆ ಎತ್ತಿ ನನ್ನನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು. ಕಲಾಯಿ ಮಾಡವರು ಇನ್ನೂ ಅದಾರೇನು ಎಂದು ಕೇಳಿದಳು. ನಾನೇ ಇದ್ದೇನೆ ಅಂದೆ. ಅವಳು ಎದ್ದು ಬೋಗುಣಿಯನ್ನು ತಕ್ಕಡಿಯ ಮೇಲಿಂದ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಸೊಸೆ ಏನೇನೋ ಹೇಳುತ್ತಾ ಹಿಂದೆ ಹೋದಳು. ಸ್ಟೀಲಿನ ಸೆಟ್ಟು ಇಳಿಸಿದಲ್ಲೇ ಉಳಿಯಿತು.

ಕೊಟ್ರಪ್ಪಣ್ಣ ಮುಂದಿನ ಗಿರಾಕಿಯ ತೂಕ ಹಾಕಿದರು. ಮಧ್ಯಾಹ್ನ ಅಂಗಡಿ ಖಾಲಿಯಾದ ಮೇಲೆ ಕರೆದರು. ಅವರ ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆ ಆಯಿತು.

"ನನ್ನ ಅಂಗಡ್ಯಾಗ ನಿಂತು ನಿನ್ನ ವ್ಯಾಪಾರ ಮಾಡ್ತಿಯೇನವ್ವ? ಒಂದಾ ತಕ್ಕಡಿ ಹಿಡಿ, ಇಲ್ಲಾ ತಿದಿ ಹಿಡಿ. ಬಸವ ಜಯಂತಿಗಂಟ ಟೈಮ್ ತಗೋ. ಆಮ್ಯಾಲೆ ಹೇಳು."

ಅವರ ಮಾತಿನಲ್ಲಿ ನ್ಯಾಯ ಇರಲಿಲ್ಲ ಎಂದು ಹೇಳಲಾರೆ. ನಾನು ಅವರ ಅನ್ನ ತಿನ್ನುತ್ತಿದ್ದೆ. ಆ ಸಂಜೆಯ ಬಸ್ಸಿನಲ್ಲಿ ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ನಿದ್ದೆ ಬರಲಿಲ್ಲ. ಅಂಗಡಿ ಬಿಟ್ಟರೆ ಮನೆಯ ಬಾಡಿಗೆ, ಅಬ್ಬಾನ ದಮ್ಮಿನ ಔಷಧಿ, ನನ್ನ ಮಗಳ ಶಾಲೆ ಎಲ್ಲ ದಾದಾಪೀರನ ಲಾರಿಯ ಮೇಲೆ ಬೀಳುತ್ತಿತ್ತು. ಆ ಲಾರಿ ವಾರ ಓಡಿದರೆ ವಾರ ಗ್ಯಾರೇಜಿನಲ್ಲಿ ಇರುವಂಥದ್ದು. ಕಲಾಯಿ ಬೇಸಿಗೆಯ ಕೆಲಸ, ಮಳೆ ಹಿಡಿದರೆ ಇದ್ದಿಲೂ ಹಸಿ, ಹಿತ್ತಿಲೂ ಹಸಿ. ಕಲಾಯಿ ಬಿಟ್ಟರೆ? ಅಂಗಡಿಯಲ್ಲಿ ನಾನು ಎಷ್ಟು ಚೆನ್ನಾಗಿ ಮಾರಿದರೂ ಮಾರಿದ್ದರಲ್ಲಿ ನನ್ನದು ಅನ್ನುವುದು ಏನೂ ಇರಲಿಲ್ಲ. ಕಲಾಯಿ ಪಾತ್ರೆ ನೋಡಿದವರು ಮಾತ್ರ ಯಾರು ಮಾಡಿದ್ದು ಎಂದು ಕೇಳುತ್ತಿದ್ದರು. ಆ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ಬಿಡುವುದು ಕಷ್ಟ. ನನಗೆ ಎರಡೂ ಬೇಕಾಗಿತ್ತು, ಎರಡನ್ನೂ ಇಟ್ಟುಕೊಳ್ಳುವವಳೇ ಎಂದು ಕೂಡ್ಲಿಗಿ ಬರುವಷ್ಟರಲ್ಲಿ ನಿಕ್ಕಿ ಮಾಡಿಕೊಂಡೆ.

ಅಬ್ಬಾ ಮಾತ್ರ ಅಂಗಡಿ ಬಿಡಬೇಡ, ನನ್ನ ಸಲುವಾಗಿ ಹೊಗೆ ಕುಡಿಯಬೇಡ ಎಂದರು. ನಿಮ್ಮ ಸಲುವಾಗಿ ಯಾರು ಕುಡಿಯುತ್ತಿದ್ದಾರೆ, ನನ್ನ ಸಲುವಾಗಿ ಅಂದೆ.

ಬಸವ ಜಯಂತಿಯವರೆಗೆ ನಾನು ಕಾಯಲಿಲ್ಲ. ಮರುದಿನ ಅಂಗಡಿಯ ಬಾಗಿಲು ತೆಗೆದು, ನೀರು ಚಿಮುಕಿಸಿ, ಕೊಟ್ರಪ್ಪಣ್ಣ ಊದುಬತ್ತಿ ಬೆಳಗಿ ಕೂತ ಕೂಡಲೇ ಎದುರಿಗೆ ಹೋಗಿ ನಿಂತೆ.

"ಅಣ್ಣಾರ, ತಕ್ಕಡೀನೂ ಬಿಡಂಗಿಲ್ಲ, ತಿದೀನೂ ಬಿಡಂಗಿಲ್ರಿ. ಒಂದು ಮಾತು ಕೊಡ್ತೀನಿ. ಬರಿದಾಗಿ ಬಂದಿದ್ದು ನಿಮ್ದು, ಅದರ ಬಗ್ಗೆ ನಾ ಬಾಯಿ ತೆಗೆಯಂಗಿಲ್ಲ. ಜೋಳ ಹಾಕ್ಕೊಂಡು ಬಂದಿದ್ದು ನಂದು."

ಅವರು ಕನ್ನಡಕದ ಮೇಲಿಂದ ನೋಡಿದರು. ಜೋಳ ಹಾಕಿಕೊಂಡು ತೂಕಕ್ಕೆ ಯಾರು ಬರುತ್ತಾರೆ ಅಂದರು. ಅದಕ್ಕೇ ಹೇಳುವುದು, ನಿಮಗೆ ಲುಕ್ಸಾನು ಎಲ್ಲಿದೆ ಅಂದೆ. 'ಮೇಲಿನ ಸಾಲಿನ ಕೊಡಗಳ ಧೂಳು ಹೊಡಿ' ಅಂದರು. ಧೂಳು ಹೊಡೆದೆ.

ಆಮೇಲಿನ ದಿನಗಳು ಬಲು ಕೆಟ್ಟವು. ಅವರು ಕೆಲಸದ ಮಾತು ಬಿಟ್ಟು ಬೇರೆ ಮಾತು ಆಡಲಿಲ್ಲ. ಚಹಾ ಬಂದರೆ ನನ್ನ ಲೋಟವನ್ನು ಗಲ್ಲಾದ ತುದಿಗೆ ಸರಿಸುತ್ತಿದ್ದರು ಅಷ್ಟೆ. ನಾನೂ ಹಟಕ್ಕೆ ಬಿದ್ದವಳ ಹಾಗೆ ಮಾರಿದೆ, ಆ ಸುಗ್ಗಿಯಲ್ಲಿ ಮಾರಿದಷ್ಟು ಹಿಂದೆಂದೂ ಮಾರಿರಲಿಲ್ಲ. ಬೋಗುಣಿಯ ಮುದುಕಿ ಭಾನುವಾರ ಕೂಡ್ಲಿಗಿಯ ನಮ್ಮ ಮನೆ ಹುಡುಕಿಕೊಂಡು ಬಂದು ಕಲಾಯಿ ಮಾಡಿಸಿಕೊಂಡು ಹೋದಳು. ಅದೇ ವಾರ ಸೊಸೆಯನ್ನು ಕರೆದುಕೊಂಡು ಅಂಗಡಿಗೂ ಬಂದಳು. ಸ್ಟೀಲಿನ ಸೆಟ್ಟು ಕೊಂಡಳು, ಬದಲಿಗೆ ಏನನ್ನೂ ಕೊಡದೆ. ಮದುವೆಯ ಮನೆಗೆ ಎರಡೂ ಬೇಕಲ್ಲ ಎಂದು ಕೊಟ್ರಪ್ಪಣ್ಣನ ಮುಖ ನೋಡಿಯೇ ಹೇಳಿದಳು. ಅವರು ಸೆಟ್ಟನ್ನು ತಾವೇ ಕಟ್ಟಿಕೊಟ್ಟರು. ನನ್ನ ಕಡೆ ನೋಡಲಿಲ್ಲ.

ಬಸವ ಜಯಂತಿ ಬಂತು, ಹೋಯಿತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಶನಿವಾರ ಅಂಗಡಿ ಮುಚ್ಚುವಾಗ ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ತಮ್ಮ ಜೇಬಿಗೇ ಹಾಕಿಕೊಂಡರು. ದಿನಾ ಬಾಗಿಲು ತೆಗೆಯುತ್ತಿದ್ದವಳು ನಾನು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಬಸ್ಸಿನಲ್ಲಿ ಅಳು ಬಂತು, ತಡೆಯಲಿಲ್ಲ. ಆ ಸಂಜೆಯೇ ಗುಡುಗಿ ಒಂದು ಅಡ್ಡಮಳೆ ಬಿತ್ತು. ಕಾದ ನೆಲದಿಂದ ಹಬೆ ಎದ್ದಿತು. ಹಿತ್ತಿಲಿನ ಇದ್ದಿಲಿನ ಚೀಲ ಅರ್ಧ ತೋಯ್ದುಹೋಯಿತು.

ಭಾನುವಾರ ಬೆಳಿಗ್ಗೆ ಒಣ ಇದ್ದಿಲು ಆರಿಸಿ ಬೆಂಕಿ ಹಚ್ಚುತ್ತಿದ್ದೆ. ಮನೆಯ ಮುಂದೆ ಅಂಗಡಿಯ ಸಾಮಾನು ಗಾಡಿ ಬಂದು ನಿಂತಿತು. ಕೊಟ್ರಪ್ಪಣ್ಣ ತಾವೇ ಓಡಿಸಿಕೊಂಡು ಬಂದಿದ್ದರು. ಹಿಂದಿನಿಂದ ಒಂದು ದೊಡ್ಡ ಹಿತ್ತಾಳೆ ಪಾತೇಲಿಯನ್ನು ಎರಡು ಕೈಯಿಂದ ತಬ್ಬಿ ಇಳಿಸಿದರು. ಬಾಯಿಗೆ ಟವಲು ಕಟ್ಟಿತ್ತು. ಹಿತ್ತಿಲಿಗೆ ತಂದು ನೆಟ್ಟಗೆ ಕೂಡಿಸಿದರು. ಅಬ್ಬಾ ಎದ್ದು ಕುರ್ಚಿ ಕೊಟ್ಟರೂ ಕೂಡಲಿಲ್ಲ.

ಪಾತೇಲಿಯ ಅಂಚು ಸವೆದಿತ್ತು, ಹೊರಗೆ ಹೊಗೆಯ ಕಲೆ ಇನ್ನೂ ಇತ್ತು. ಎಷ್ಟೋ ಹಬ್ಬದ ಅಡುಗೆ ಕಂಡ ಪಾತ್ರೆ. ನಾನು ಸುಮ್ಮನಿರಬೇಕಿತ್ತು, ಬಾಯಿ ಕೇಳಲಿಲ್ಲ. ಊರ ಮಂದಿಯ ಹಿತ್ತಾಳೆ ಎಲ್ಲ ತೂಗಿದಿರಿ, ಇದನ್ನು ಯಾಕೆ ಬಿಟ್ಟಿರಿ ಅಂದೆ.

"ನಮ್ಮವ್ವಂದು" ಅಂದರು. ಅವರ ತಾಯಿ ತೀರಿಕೊಂಡದ್ದು ನಾನು ಅಂಗಡಿ ಸೇರುವುದಕ್ಕೂ ಮೊದಲು.

ಟವಲು ಬಿಚ್ಚಿದೆ. ಒಳಗೆ ಜೋಳ. ಗಂಡಸು ಹಾಕಿದ ಜೋಳ ಎಂದು ನೋಡಿದ ಕೂಡಲೇ ತಿಳಿಯಿತು, ಒಂದು ಹಿಡಿ ಹಾಕುವ ಕಡೆ ಕಾಲು ಪಾತೇಲಿ ತುಂಬಿದ್ದರು. ಯಾರನ್ನೂ ಕೇಳಿರಲಿಕ್ಕಿಲ್ಲ, ಕೇಳುವುದಕ್ಕೆ ನಾಚಿಕೆಯಾಗಿರಬೇಕು. ಕೊಟ್ಟೂರಿನಿಂದ ಕೂಡ್ಲಿಗಿಯವರೆಗೆ ಆ ಜೋಳ ಚೆಲ್ಲದ ಹಾಗೆ ಗಾಡಿ ಓಡಿಸಿಕೊಂಡು ಬಂದಿದ್ದರು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಹೊಗೆ ಇನ್ನೂ ಎದ್ದಿರಲಿಲ್ಲ, ಹೊಗೆಯ ನೆವ ಹೇಳಲೂ ಆಗುತ್ತಿರಲಿಲ್ಲ. ಅಬ್ಬಾ ಒಳಗಿನಿಂದ ಮೊರ ತಂದು ಜೋಳವನ್ನೆಲ್ಲ ಅದಕ್ಕೆ ಸುರಿದುಕೊಂಡರು.

"ಯಾವಾಗ ಕೊಡ್ತಿ?" ಎಂದು ಕೊಟ್ರಪ್ಪಣ್ಣ ಬೆಂಕಿಯ ಕಡೆ ನೋಡುತ್ತಾ ಕೇಳಿದರು.

"ಸಂಜೀಕ ಆಗ್ತೈತ್ರಿ. ನೀವು ಮತ್ತ ಬರ್ತೀರೇನು?"

"ನಾ ಯಾಕ ಬರ್ಲಿ? ನಾಳೆ ಹೆಂಗೂ ನೀ ಅಂಗಡಿಗೆ ಬರಾಕಿ."

ಜೇಬಿನಿಂದ ಬೀಗದ ಕೈ ತೆಗೆದು ಕಟ್ಟೆಯ ಮೇಲಿಟ್ಟು ಹೊರಟರು. ಗಾಡಿಯ ಸದ್ದು ಓಣಿ ದಾಟುವವರೆಗೆ ನಾನು ಗಾಳಿಯಂತ್ರದ ಹಿಡಿ ಹಿಡಿದು ನಿಂತೇ ಇದ್ದೆ. ಅಬ್ಬಾ ಬೆಂಕಿ ಆರುತ್ತದೆ ಅಂತ ಬೈದ ಮೇಲೆ ಕೂತೆ. ಆ ಪಾತೇಲಿಗೆ ಕೊಟ್ಟಂಥ ಕಲಾಯಿಯನ್ನು ನಾನು ಇವತ್ತಿನವರೆಗೂ ಇನ್ನೊಂದಕ್ಕೆ ಕೊಟ್ಟಿಲ್ಲ.

ಸೋಮವಾರ ಬಸ್ಸಿನಲ್ಲಿ ಪಾತೇಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಕಂಡಕ್ಟರ್ ಇದಕ್ಕೂ ಟಿಕೆಟ್ಟು ಎಂದು ಛೇಡಿಸಿದ. ಬಾಗಿಲು ತೆಗೆದು ನೀರು ಚಿಮುಕಿಸಿ, ಪಾತೇಲಿಯನ್ನು ಗಲ್ಲಾದ ಪಕ್ಕದಲ್ಲಿ ಇಟ್ಟೆ. ಕೊಟ್ರಪ್ಪಣ್ಣ ಬಂದು ಊದುಬತ್ತಿ ಬೆಳಗಿ, ಪಾತೇಲಿಯೊಳಗೆ ಬಗ್ಗಿ ನೋಡಿದರು. ಬಗ್ಗಿದವರು ಬೇಗ ಏಳಲಿಲ್ಲ. ಎದ್ದಾಗ ಅವರ ಕೈಯಲ್ಲಿ ಬೆಲ್ಲದ ಚೂರಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, ಬೆಲ್ಲ ಬಾಯಿಗೆ ಹಾಕಿಕೊಂಡು ಗಲ್ಲಾದ ಮೇಲೆ ಕೂತರು.

ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಮೆಟ್ಟಿಲು ಹತ್ತಿ ಬಂದು, ಹಿತ್ತಾಳೆಯ ಕೊಳಗವೊಂದನ್ನು ತಕ್ಕಡಿಯ ಮುಂದೆ ಬೋರಲು ಹಾಕಿದಳು. ಒಳಗೆ ಏನೂ ಇರಲಿಲ್ಲ. ಮಾತು ಕೊಟ್ಟಿದ್ದೆ, ಬಾಯಿ ತೆಗೆಯಲಿಲ್ಲ. ತೂಕದ ಕಲ್ಲು ತರಲು ಬಗ್ಗಿದೆ. ಹಿಂದಿನಿಂದ ಕೊಟ್ರಪ್ಪಣ್ಣನ ದನಿ ಬಂತು, ಬಾಯಿ ತುಂಬ ಬೆಲ್ಲ ಇಟ್ಟುಕೊಂಡ ದನಿ.

"ಯವ್ವಾ, ಇದು ತೂಕಕ್ಕ ಬಂದಿದ್ದೋ, ಕಲಾಯಿಗೆ ಬಂದಿದ್ದೋ?"